ಪಕ್ಕದ ಮನೆಯ ಮೈಕ್ರೋವೇವ್ ಕಿರಣ ಗೋಡೆ ದಾಟಿ ಬರುತ್ತದೆಯೇ? ತಡೆಯಲು ಗೋಡೆಗೆ ಏನು ಅಂಟಿಸಬೇಕು?

ಬರುತ್ತದೆ. ವೈಫೈ ಕೂಡ ಇದೇ ಜಾತಿಯ ಅಲೆ, ಬರದಿದ್ದರೆ ಒಂದು ಕೋಣೆಯ ವೈಫೈ ಇನ್ನೊಂದು ಕೋಣೆಯಲ್ಲಿ ಸಿಗುತ್ತಲೇ ಇರಲಿಲ್ಲ ಅಲ್ವಾ? ಆದರೆ ನಿಮ್ಮ ಪ್ರಶ್ನೆಯ ಎರಡನೇ ಭಾಗ ಓದಿ ಸುಮ್ಮನಿರಲು ಆಗಲಿಲ್ಲ. ತಲೆದೆಸೆಯ ಗೋಡೆ, ಅದರಾಚೆ ಬೇರೆಯವರ ಓವನ್ ಮತ್ತು ರೌಟರ್, ಬೆಳಗ್ಗೆ ಎದ್ದರೆ ತಲೆನೋವು, ಏನು ಅಂಟಿಸಲಿ ಅನ್ನೋ ಯೋಚನೆ. ಇದೆಲ್ಲ ನನ್ನದೇ ಕಥೆ. ನಾನು ಅಂಟಿಸಿದ್ದು ಅಲ್ಯೂಮಿನಿಯಂ ಫಾಯಿಲ್.

ಅಡುಗೆಗೆ ಬಳಸುವ ಅದೇ ಸುರುಳಿ. ಗೋಡೆ ಪೂರ್ತಿ ಹೊದಿಸಿ, ಅಂಚಿಗೆಲ್ಲ ಟೇಪ್ ಹಾಕಿದೆ. ಕಿಟಕಿಗೆ ಲೋಹದ ಲೇಪನ ಇರುವ ಫಿಲ್ಮ್ ಅಂಟಿಸಿದೆ. ಮೊದಲ ಕೆಲವು ದಿನ ತಲೆನೋವು ಮಾಯ. ಗೆದ್ದೆ ಅಂದುಕೊಂಡೆ. ಆಮೇಲೆ ಮತ್ತೆ ಶುರುವಾಯಿತು. ಆಗಲೂ ಬುದ್ಧಿ ಬರಲಿಲ್ಲ, ಫಾಯಿಲ್ ಮೇಲೆ ಇನ್ನೊಂದು ಪದರ ಫಾಯಿಲ್ ಹಾಕಿದೆ.

ಎಡವಿದ್ದೆಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಇಂಥ ಹಾಳೆ ಮಾರುವವರು ಇದನ್ನು ಹೇಳುವುದಿಲ್ಲ. ಅಲಾರಂಗೆ ಅಂತ ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಫೋನ್ ಯಾವಾಗಲೂ ಒಂದೇ ಶಕ್ತಿಯಲ್ಲಿ ಅಲೆ ಕಳಿಸುವುದಿಲ್ಲ. ಟವರ್ ಚೆನ್ನಾಗಿ ಸಿಕ್ಕರೆ ಪಿಸುಗುಟ್ಟುತ್ತದೆ, ಸಿಗದಿದ್ದರೆ ಕಿರುಚುತ್ತದೆ. 4ಜಿ ಫೋನಿನ ದೊಡ್ಡ ದನಿ ಅಂದರೆ ಸುಮಾರು 0.2 ವ್ಯಾಟ್. ಸಿಗ್ನಲ್ ಚೆನ್ನಾಗಿರುವ ಕಡೆ ಅದಕ್ಕೆ ಇದರ ಸಣ್ಣದೊಂದು ಪಾಲು ಸಾಕು. ನನ್ನ ಫಾಯಿಲ್ ಮತ್ತು ಫಿಲ್ಮ್ ಹೊರಗಿನ ಸಿಗ್ನಲ್ ತಡೆದದ್ದು ನಿಜ. ಆದರೆ ಬಾಗಿಲು, ನೆಲ, ಸೀಲಿಂಗ್ ಹಾಗೇ ಇದ್ದವಲ್ಲ. ಸಿಗ್ನಲ್ ಪೂರ್ತಿ ಹೋಗದೆ ಒಂದು ಕಡ್ಡಿಗೆ ಇಳಿಯಿತು. ಫೋನ್ ರಾತ್ರಿಯಿಡೀ ಟವರ್ ಜೊತೆ ಗುದ್ದಾಡುತ್ತಿತ್ತು. ಬೆಳಗ್ಗೆ ಕೈಗೆತ್ತಿಕೊಂಡರೆ ಹಿಂಬದಿ ಬೆಚ್ಚಗೆ, ಬ್ಯಾಟರಿ ಖಾಲಿ. ಗೋಡೆಯಾಚೆಯ ಚೂರುಪಾರು ತಡೆಯಲು ಹೋಗಿ, ಕಿವಿಯಿಂದ ಗೇಣು ದೂರದಲ್ಲಿ ಇದ್ದದ್ದನ್ನೇ ಜೋರು ಮಾಡಿಟ್ಟಿದ್ದೆ. ಅದೂ ಮಿತಿಯೊಳಗೇ ಇತ್ತು ಬಿಡಿ, ಆದರೆ ನನ್ನ ಲೆಕ್ಕದಲ್ಲೇ ನಾನು ಸೋತಿದ್ದೆ.

ಜೇಬಿಗೂ ಮೈಗೂ ಬಿದ್ದ ಪೆಟ್ಟು ಬೇರೆಯೇ. ಕಾರಣ ಗೊತ್ತಾಗಿದೆ ಅನ್ನೋ ಧೈರ್ಯದಲ್ಲಿ ಡಾಕ್ಟರ್ ಹತ್ತಿರ ಹೋಗಲೇ ಇಲ್ಲ. ಕೊನೆಗೆ ದವಡೆಹಲ್ಲೊಂದು ಸೀಳಿತು. ಹಲ್ಲಿನ ಡಾಕ್ಟರು ಬಾಯಿ ನೋಡಿದವರೇ, "ಬೆಳಗ್ಗೆ ಎದ್ದಾಗ ತಲೆ ನೋಯುತ್ತಾ?" ಅಂದರು. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ರಾತ್ರಿ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಸಿ ಕೊಟ್ಟರು. ತಲೆನೋವು ಇಳಿಯಿತು, ಹಲ್ಲು ಮಾತ್ರ ಕೀಳಿಸಬೇಕಾಯಿತು.

ಇನ್ನು ಗೋಡೆಯ ವಿಷಯ. ಮರ, ಜಿಪ್ಸಮ್ ಬೋರ್ಡ್, ಸಾದಾ ಗಾಜು ಹೆಚ್ಚೇನೂ ತಡೆಯುವುದಿಲ್ಲ. ಇಟ್ಟಿಗೆ ಇನ್ನೊಂದಿಷ್ಟು ತಡೆಯುತ್ತದೆ. ಕಬ್ಬಿಣದ ಸರಳು ಇರುವ ದಪ್ಪ ಕಾಂಕ್ರೀಟ್ ದಾಟುವಷ್ಟರಲ್ಲಿ ಹತ್ತರಲ್ಲೊಂದು, ಕೆಲವೊಮ್ಮೆ ನೂರರಲ್ಲೊಂದು ಪಾಲು ಉಳಿಯುತ್ತದೆ. ಗೋಡೆ ಒದ್ದೆಯಾಗಿದ್ದರೆ ಇನ್ನೂ ಕಡಿಮೆ, ನೀರು ಈ ಅಲೆಗಳನ್ನು ಹೀರುತ್ತದೆ. ಓವನ್ ಬಗ್ಗೆ ಹೆದರಿಕೆ ಬೇಡ. ಅದರ ಅಲೆ 2.45 ಗಿಗಾಹರ್ಟ್ಸ್, ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಅಷ್ಟು ಸಣ್ಣ ತೂತಿನಲ್ಲಿ ಆ ಅಲೆ ನುಸುಳುವುದು ತೀರಾ ಕಡಿಮೆ. ಆಫ್ ಮಾಡಿದ ಕ್ಷಣ ಅದೂ ಇಲ್ಲ, ಗೋಡೆಯಲ್ಲಿ ಏನೂ ಸೇರಿಕೊಂಡು ಕೂರುವುದಿಲ್ಲ.

ನನ್ನನ್ನು ಕೇಳಿದರೆ, ಗೋಡೆ ಎಷ್ಟು ತಡೆಯುತ್ತದೆ ಅನ್ನೋ ಪ್ರಶ್ನೆಯೇ ಬೇಡ. ದೂರವೇ ಸಾಕು. 0.1 ವ್ಯಾಟ್ ರೌಟರ್ ಸದಾ ಪೂರ್ತಿ ಶಕ್ತಿಯಲ್ಲಿ ನಡೆಯುತ್ತಿದೆ, ನಡುವೆ ಗೋಡೆಯೇ ಇಲ್ಲ ಅಂತಿಟ್ಟುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಚದರ ಮೀಟರಿಗೆ ಬೀಳುವುದು ಸುಮಾರು 8 ಮಿಲಿವ್ಯಾಟ್. ಎರಡು ಮೀಟರ್ ದೂರ ಹೋದರೆ ಅದರ ಕಾಲು ಭಾಗ. ಇಂಥ ಅಲೆಗಳಿಗೆ ಮಿತಿ ಸೂಚಿಸುವ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ ಐಸಿಎನ್‌ಐಆರ್‌ಪಿ 2020ರ ಮಾರ್ಗಸೂಚಿಯಲ್ಲಿ ಜನಸಾಮಾನ್ಯರಿಗೆ ಇಟ್ಟಿರುವ ಮಿತಿ ಚದರ ಮೀಟರಿಗೆ 10 ವ್ಯಾಟ್. ಅಂದರೆ ಸಾವಿರ ಪಟ್ಟಿಗಿಂತ ಜಾಸ್ತಿ. ಈ ಅಲೆಗಳಿಗೆ ಎಕ್ಸ್‌ರೇ ಥರ ಅಣುವಿನಿಂದ ಎಲೆಕ್ಟ್ರಾನ್ ಕೀಳುವ ತಾಕತ್ತಿಲ್ಲ. ತೀರಾ ಜೋರಾಗಿದ್ದರೆ ಮೈ ಬಿಸಿ ಮಾಡುತ್ತವೆ, ಮಿತಿ ಇಟ್ಟಿರುವುದೂ ಅದನ್ನು ನೋಡಿಯೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಇವನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನುವ 2ಬಿ ಗುಂಪಿಗೆ ಸೇರಿಸಿದ್ದನ್ನು ನೀವು ಓದಿರುತ್ತೀರಿ. ಸೀಮಿತ ಪುರಾವೆ ಅಂತ ಅವರೇ ಹೇಳಿದ್ದಾರೆ. ಅವರು ಮುಖ್ಯವಾಗಿ ನೋಡಿದ್ದೂ ಫೋನನ್ನು ಕಿವಿಗೆ ಒತ್ತಿ ಮಾತಾಡುವವರನ್ನು.

ನಿಮಗೂ ತಲೆನೋವು ಇದ್ದರೆ ಅದು ಸುಳ್ಳು ಅಂತ ಖಂಡಿತ ಹೇಳುತ್ತಿಲ್ಲ. ಅಲೆ ತಮಗೆ ಗೊತ್ತಾಗುತ್ತದೆ ಅನ್ನುವವರನ್ನೇ ಕೂರಿಸಿ, ಹೇಳದೆ ಆನ್ ಆಫ್ ಮಾಡಿ ನೋಡಿದ ಪರೀಕ್ಷೆಗಳು ಎಷ್ಟೋ ನಡೆದಿವೆ. ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚು ಸರಿ ಬರಲಿಲ್ಲ. ನೋವು ಮಾತ್ರ ನಿಜವಾಗಿಯೇ ಇತ್ತು. ಅದಕ್ಕೇ ಮೊದಲು ಡಾಕ್ಟರ್, ಆಮೇಲೆ ಗೋಡೆ. ಕಣ್ಣು, ಬಿಪಿ, ನಿದ್ದೆ, ದವಡೆ ಎಲ್ಲ ತೋರಿಸಿ. ಅಲೆ ಅಳೆಯುವ ಮೀಟರ್ ಕೊಳ್ಳಬೇಡಿ, ಅದು ಎಲ್ಲಿ ಹಿಡಿದರೂ ಏನಾದರೊಂದು ತೋರಿಸಿ ಇರುವ ನಿದ್ದೆಯನ್ನೂ ಕೆಡಿಸುತ್ತದೆ. ಅಷ್ಟಾದರೂ ಸಮಾಧಾನ ಆಗದಿದ್ದರೆ ಮಂಚವನ್ನು ಎದುರಿನ ಗೋಡೆಗೆ ಸರಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಮೇಜಿನ ಮೇಲಿಡಿ. ಇದಕ್ಕೆ ಖರ್ಚೂ ಇಲ್ಲ, ಅಲಾರಂ ಹೇಗೂ ಹೊಡೆಯುತ್ತದೆ.