ತಾರಸಿಯಲ್ಲಿ ಕಂಬಿ ಬಿಟ್ಟಿದ್ದರೆ ಮಹಡಿ ಏರಿಸಬಹುದೇ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡ 1990ರ ದಶಕದ್ದು, ಎರಡೇ ಅಂತಸ್ತು. ಕ್ಯಾಂಟೀನು, ಸಭಾಂಗಣ, ಸಂಘದ ಕೊಠಡಿಗಳು ಎಲ್ಲ ಅದರಲ್ಲೇ. ಮಧ್ಯಾಹ್ನ ಕಾಲಿಡಲೂ ಜಾಗ ಇರುವುದಿಲ್ಲ. ತಾರಸಿಯಲ್ಲಿ ಪಿಲ್ಲರ್ ಕಂಬಿ ಬಿಟ್ಟಿದ್ದಾರೆ. ಮೇಲೊಂದು ಸಭಾಂಗಣ ಕಟ್ಟಬಹುದೇ?
– ವಿದ್ಯಾರ್ಥಿ ಪ್ರತಿನಿಧಿ, ಉತ್ತರ ಕರ್ನಾಟಕ

ಉತ್ತರ: ಕಂಬಿ ನೋಡಿ ತೀರ್ಮಾನಿಸಬೇಡಿ. ಮುಂದೆ ಕಟ್ಟುವ ಆಸೆ ಇತ್ತೆಂದಷ್ಟೇ ಅದು ಹೇಳುತ್ತದೆ. ಅಡಿಪಾಯವನ್ನು ಮೂರನೇ ಅಂತಸ್ತಿಗೂ ಲೆಕ್ಕ ಹಾಕಿಯೇ ಹಾಕಿದ್ದರೇ ಎಂಬುದು ಬೇರೆ ಮಾತು. ಮೊದಲು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಹಳೆಯ ಸ್ಟ್ರಕ್ಚರಲ್ ನಕ್ಷೆ ಹುಡುಕಿಸಿ. ಸಿಗದಿದ್ದರೆ ಎರಡು ಮೂರು ಪಿಲ್ಲರ್‌ಗಳ ಪಕ್ಕ ಗುಂಡಿ ತೆಗೆಸಿ, ಪಿಲ್ಲರಿನ ಬುಡದ ಕಾಂಕ್ರೀಟ್ ಪಾದದ, ಅಂದರೆ ಫುಟಿಂಗ್‌ನ ಉದ್ದ, ಅಗಲ, ಆಳ ಅಳೆಯಬೇಕು. ಅದರಲ್ಲಿ ಒಂದಾದರೂ ಒಳಗಿನ ಪಿಲ್ಲರ್ ಆಗಿರಲಿ, ಹೆಚ್ಚು ಭಾರ ಹೊರುವುದು ಅದೇ. ನಿಮ್ಮದು ಎರೆಮಣ್ಣಿನ ಸೀಮೆಯಾದರೆ ಫುಟಿಂಗ್ ಎರೆ ದಾಟಿ ಗಟ್ಟಿ ಗರಸಿನ ಮೇಲೆ ಕೂತಿದೆಯೇ ಎಂದು ನೋಡಲೇಬೇಕು.

ಇನ್ನು ಆ ಕಂಬಿ. ಸ್ಲ್ಯಾಬಿನಿಂದ ಹೊರಬರುವ ಬುಡದಲ್ಲೇ ನೀರು ನಿಂತು ತುಕ್ಕು ಹೆಚ್ಚು ತಿಂದಿರುತ್ತದೆ. ತಂತಿ ಬ್ರಶ್ಶಿನಿಂದ ಉಜ್ಜಿ ಕಂಬಿಯ ದಪ್ಪವನ್ನು ವರ್ನಿಯರ್‌ನಿಂದ ಅಳೆಯಿರಿ. 16 ಮಿಮೀ ಕಂಬಿ 14ಕ್ಕೆ ಇಳಿದಿದ್ದರೆ ಸುಮಾರು ಕಾಲು ಭಾಗ ಉಕ್ಕು ಹೋದಂತೆ. ಹೊಸ ಕಂಬಿ ಜೋಡಿಸಲು ಸಾಮಾನ್ಯವಾಗಿ ವ್ಯಾಸದ 50 ಪಟ್ಟು, ಅಂದರೆ 800 ಮಿಮೀ ಉದ್ದವಾದರೂ ಬೇಕು. ಗಿಡ್ಡಗಿದ್ದರೆ ಆ ಕಂಬಿಯನ್ನು ನಂಬುವಂತಿಲ್ಲ.

ಕಾಂಕ್ರೀಟಿನ ಬಲ ತಿಳಿಯಲು ಬರೀ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ತಟ್ಟಿ ಪುಟಿತ ಅಳೆಯುವ ಉಪಕರಣ) ಸಾಲದು. ಅದು ಮೇಲ್ಮೈಯನ್ನಷ್ಟೇ ಹೇಳುತ್ತದೆ, ಶೇ 25ರಷ್ಟು ಆಚೀಚೆ ಆಗಬಹುದು. ಕನಿಷ್ಠ ಮೂರು ಕೋರ್, ಅಂದರೆ ಕೊಳವೆಯಾಕಾರದಲ್ಲಿ ಕೊರೆದ ಕಾಂಕ್ರೀಟ್ ತುಂಡು, ತೆಗೆಸಿ ಪರೀಕ್ಷಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಅವುಗಳ ಸರಾಸರಿ ಬಲ ನಿಗದಿತ ದರ್ಜೆಯ ಶೇ 85ಕ್ಕಿಂತ, ಯಾವುದೇ ಒಂದರ ಬಲ ಶೇ 75ಕ್ಕಿಂತ ಕಡಿಮೆ ಇರಬಾರದು.

ಇಷ್ಟೆಲ್ಲ ಸರಿಯಿದ್ದರೂ ಸಭಾಂಗಣ ಮೇಲೆ ಬೇಡ ಎಂದೇ ನಮ್ಮ ಸಲಹೆ. ತರಗತಿಗೆ ಚದರ ಮೀಟರಿಗೆ 300 ಕೆಜಿ ಭಾರ ಹಿಡಿದರೆ, ಕುರ್ಚಿ ಸರಿಸಬಹುದಾದ ಸಭಾಂಗಣಕ್ಕೆ 500 ಹಿಡಿಯಬೇಕು. ಸಂಘದ ಕಚೇರಿಗಳಿಗೆ 250 ಸಾಕು. ಹಾಗಾಗಿ ಕಚೇರಿಗಳನ್ನು ಮೇಲಕ್ಕೆ ಒಯ್ದು, ಸಭಾಂಗಣವನ್ನು ನೆಲದ ಮೇಲೇ ಪಕ್ಕಕ್ಕೆ ಬೆಳೆಸಿ. ಮೇಲಿನದು ಉಕ್ಕಿನ ಚೌಕಟ್ಟು, ಶೀಟ್ ಛಾವಣಿ, ಹಗುರ ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕಿನ ಗೋಡೆ ಇರಲಿ. ಮೂರು ಮೀಟರ್ ಎತ್ತರದ ಅರ್ಧ ಇಟ್ಟಿಗೆ ಗೋಡೆ ಪ್ಲಾಸ್ಟರ್ ಬಿಟ್ಟು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 650 ಕೆಜಿ ತೂಗುತ್ತದೆ. 100 ಮಿಮೀ ಬ್ಲಾಕ್ ಗೋಡೆ 200ರ ಆಸುಪಾಸು. ಉಕ್ಕಿನ ಕಂಬಗಳು ಹಳೆಯ ಪಿಲ್ಲರ್‌ಗಳ ನೆತ್ತಿಯ ಮೇಲೇ ಬರಬೇಕು, ಸ್ಲ್ಯಾಬಿನ ನಡುವೆ ಅಲ್ಲ. ಅಂತಸ್ತು ಏರಿದರೆ ಭೂಕಂಪದ ಲೆಕ್ಕವನ್ನು ಇಡೀ ಕಟ್ಟಡಕ್ಕೇ ಮತ್ತೆ ಮಾಡಿಸಬೇಕು.

ಪ್ರಶ್ನೆ: ಪಕ್ಕಕ್ಕೆ ಸೇರಿಸಿ ಕಟ್ಟಿದರೆ ಕೂಡುವಲ್ಲಿ ಬಿರುಕು ಬಿಡುತ್ತದಲ್ಲ?

ಉತ್ತರ: ಒಂದಕ್ಕೊಂದು ಕಟ್ಟಿಹಾಕಿದರೆ ಬಿಡುತ್ತದೆ. ಹಳೆಯದು ಕುಸಿಯುವಷ್ಟು ಕುಸಿದು ನಿಂತಿದೆ, ಹೊಸದು ಈಗ ಕೂರಲು ಶುರು ಮಾಡುತ್ತದೆ. ಹೊಸ ಬೀಮನ್ನು ಹಳೆಯ ಪಿಲ್ಲರಿಗೆ ಕೊಡದೆ ಬೇರೆ ಪಿಲ್ಲರ್ ಹಾಕಿ, ತಾರಸಿಯವರೆಗೂ ಸಂದು ಬಿಡಿ. ಸಂದಿನ ಅಗಲವನ್ನು ಎರಡೂ ಕಟ್ಟಡಗಳ ಓಲಾಟದ ಲೆಕ್ಕದಿಂದ ನಿರ್ಧರಿಸಬೇಕು. ಕೆಲಸ ನಡೆಯುವಾಗ ಗಾರೆ, ಇಟ್ಟಿಗೆ ಚೂರು ಅದರೊಳಗೆ ಬಿದ್ದು ಗಟ್ಟಿಯಾದರೆ ಸಂದು ಇದ್ದೂ ಇಲ್ಲದಂತೆ. ದಿನವೂ ಸಂಜೆ ನೋಡಿ ತೆಗೆಸಿ. ಸಂದು ಮುಚ್ಚಲು ನೆಲದ ಮೇಲೆ ಹಾಕುವ ಲೋಹದ ಪಟ್ಟಿಗೆ ಒಂದೇ ಬದಿ ಸ್ಕ್ರೂ ಹಾಕಬೇಕು. ಎರಡೂ ಬದಿ ಬಿಗಿದರೆ ಅದು ಎದ್ದು ಕಾಲಿಗೆ ತೊಡರುತ್ತದೆ.

ಹಳೆಯ ಫುಟಿಂಗ್‌ನ ತಳಕ್ಕಿಂತ ಕೆಳಗೆ ಪಕ್ಕದಲ್ಲೇ ಅಗೆಯಬಾರದು. ಹೊಸ ಪಿಲ್ಲರ್‌ಗಳನ್ನು ಸ್ವಲ್ಪ ದೂರ ಇಟ್ಟು, ಬೀಮನ್ನು ಹಳೆಯದರ ಕಡೆಗೆ ಚಾಚುವುದು ಒಳ್ಳೆಯದು. ಅಗೆತ ಬೇಸಿಗೆಯಲ್ಲೇ ಮುಗಿಯಲಿ. ತೆರೆದ ಗುಂಡಿಗೆ ಮಳೆನೀರು ತುಂಬಿದರೆ ಎರೆಮಣ್ಣು ಜರಿದು ಹಳೆಯ ಫುಟಿಂಗಿನ ಆಸರೆಯೇ ಹೋಗುತ್ತದೆ.

ಪ್ರಶ್ನೆ: ಇರುವ ಒಂದು ಮೆಟ್ಟಿಲು ಸಾಕೇ?

ಉತ್ತರ: ಸಾಲದು. ಜನ ಸೇರುವ ಕಟ್ಟಡದ ಮೆಟ್ಟಿಲು ಕನಿಷ್ಠ ಎರಡು ಮೀಟರ್ ಅಗಲ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎರಡನೇ ಮೆಟ್ಟಿಲನ್ನು ಇನ್ನೊಂದು ತುದಿಯಲ್ಲಿ, ಹೊರಗೋಡೆಗೆ ಹೊಂದಿಸಿ ಮೊದಲೇ ಕಟ್ಟಿಬಿಡಿ. ಕೆಲಸದ ತಿಂಗಳುಗಳಲ್ಲಿ ಹಳೆಯ ಮೆಟ್ಟಿಲು ಸಿಮೆಂಟ್ ಚೀಲಗಳಿಂದ ಮುಚ್ಚಿಹೋದಾಗ ವಿದ್ಯಾರ್ಥಿಗಳು ಇಳಿಯುವುದು ಅದರಲ್ಲೇ. ಸಭಾಂಗಣದ ಬಾಗಿಲುಗಳು ಹೊರಕ್ಕೇ ತೆರೆಯಲಿ.