ಬ್ಯಾಚುಲರ್ ಅಂದರೆ ಮದುವೆಯಾಗದ ಗಂಡಸು. ಹಾಗಾದರೆ ಹೆಂಗಸಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?
ನಿಘಂಟಿನಲ್ಲಿ ಸಿಗುವ ಪದ ಸ್ಪಿನ್‌ಸ್ಟರ್. ಆದರೆ ಯಾರನ್ನೂ ಹಾಗೆ ಕರೆಯಲು ಹೋಗಬೇಡಿ, ಬೈದ ಹಾಗಾಗುತ್ತದೆ. ಮೊದಲು ಅದಕ್ಕೆ ನೂಲು ತೆಗೆಯುವವಳು ಅಂತಷ್ಟೇ ಅರ್ಥವಿತ್ತು. 17ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನ ಕಾನೂನು ಕಾಗದಗಳಲ್ಲಿ ಮದುವೆಯಾಗದವಳಿಗೆ ಅದೇ ಹೆಸರಾಯಿತು. ಆಮೇಲೆ 'ವಯಸ್ಸು ಮೀರಿದವಳು' ಎಂಬ ಕೊಂಕೂ ಸೇರಿಕೊಂಡಿತು. ಬ್ಯಾಚುಲರ್‌ಗೆ ಮಾತ್ರ ಅಂಥ ಕೊಂಕಿಲ್ಲ, ನೋಡಿ! ಅದು ಹಿಂದೆ ಎಳೆಯ ಯೋಧನಿಗಿದ್ದ ಹೆಸರು. ಬಿ.ಎ.ಯಲ್ಲಿರುವ ಬಿ ಕೂಡ ಅದೇ ಪದ. 2005ರಲ್ಲಿ ಇಂಗ್ಲೆಂಡಿನ ಮದುವೆ ದಾಖಲೆಗಳಿಂದ ಎರಡನ್ನೂ ಕೈಬಿಟ್ಟು 'ಸಿಂಗಲ್' ತಂದರು. ನೀವೂ ಫಾರಂನಲ್ಲಿ ಅದನ್ನೇ ಬರೆಯಿರಿ, ಇಲ್ಲವೇ 'ಅನ್‌ಮ್ಯಾರಿಡ್' ಅನ್ನಿ.

ಇಲ್ಲಿ ಮುಂಬೈಯಲ್ಲಿ ಬಾಡಿಗೆ ಮನೆ ಹುಡುಕುವಾಗ ಈ ಗೊಂದಲವೇ ಇಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನೂ ನನ್ನ ಗೆಳತಿಯೂ ಮನೆ ನೋಡಲು ಹೋದಾಗ ಏಜೆಂಟ್ ಹೇಳಿದ್ದು ಒಂದೇ ಮಾತು: 'ಬ್ಯಾಚುಲರ್ ನಹೀ ಚಲೇಗಾ.' ಅಂದರೆ, ಗಂಡಾಗಲಿ ಹೆಣ್ಣಾಗಲಿ, ಮದುವೆಯಾಗದವರು ಬೇಡ!