ಗಮ್‌ಪೇಸ್ಟ್ (ಕೇಕ್ ಮೇಲಿನ ಸಕ್ಕರೆ ಹೂವಿನ ಹಿಟ್ಟು) ಗುಲಾಬಿ ಮಾಡುವಾಗ ಎಸಳಿನ ಅಂಚು ಒಡೆಯುತ್ತೆ, ಅಂಟಿಸಿದ ಮೇಲೆ ಎಸಳು ಜಾರುತ್ತೆ. ಎಲ್ಲಿ ತಪ್ಪಾಗ್ತಿದೆ?

ನೀವು ಎರಡು ತೊಂದರೆ ಹೇಳಿದ್ದೀರಿ. ಎಸಳನ್ನು ತೆಳ್ಳಗೆ ಮಾಡಲು ಹೋದರೆ ಅಂಚು ಬಿರುಕು ಬಿಡುತ್ತದೆ. ಹೇಗೋ ಮಾಡಿ ಅಂಟಿಸಿದರೆ ಹೊರಗಿನ ಎಸಳುಗಳು ಮೆಲ್ಲಗೆ ಕೆಳಗೆ ಜಾರುತ್ತವೆ. ನನಗೆ ಇವೆರಡೂ ಒಂದೇ ತೊಂದರೆಯ ಎರಡು ಮುಖ ಅನಿಸುತ್ತದೆ. ಮೊದಲನೆಯದರಲ್ಲಿ ಪೇಸ್ಟ್ ಬೇಗ ಒಣಗಿದೆ, ಎರಡನೆಯದರಲ್ಲಿ ಇನ್ನೂ ಒಣಗಿಲ್ಲ. ಗಮ್‌ಪೇಸ್ಟ್ ಹೂವಿನ ಕೆಲಸದಲ್ಲಿ ಕೈಚಳಕಕ್ಕಿಂತ ಈ ಒಣಗುವ ಹೊತ್ತನ್ನು ಹಿಡಿಯುವುದೇ ಕಷ್ಟ. ನಾನು ಕಲಿಯುವಾಗ ನಾಲ್ಕೈದು ತಿಂಗಳು ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಾವ ಪೇಸ್ಟ್ ಬಳಸುತ್ತೀರಿ ಅಂತ ನೀವು ಬರೆದಿಲ್ಲ. ಬರೀ ಫಾಂಡೆಂಟ್‌ನಲ್ಲಿ ಮಾಡುತ್ತಿದ್ದರೆ ಅದನ್ನು ಮೊದಲು ಬದಲಿಸಿ. ಫಾಂಡೆಂಟ್‌ನಲ್ಲಿ ಗ್ಲೂಕೋಸ್, ಗ್ಲಿಸರಿನ್ ಇರುತ್ತವೆ. ಅವು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೇಕ್‌ಗೆ ಹೊದಿಸಲು ಅದು ಒಳ್ಳೆಯದು, ಹೂವಿಗೆ ಅಲ್ಲ. ಹೂವಿನ ಪೇಸ್ಟ್ ಎಳೆದಾಗ ಹರಿಯದೆ ಹಿಗ್ಗಬೇಕು, ಬಿಟ್ಟ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಆ ಗುಣ ಕೊಡುವುದು ಟೈಲೋಸ್ ಪುಡಿ. ಸಿಎಂಸಿ ಅನ್ನುವ ಪುಡಿಯನ್ನೂ ಇದೇ ಕೆಲಸಕ್ಕೆ ಬಳಸುತ್ತಾರೆ. ಎರಡೂ ಸಸ್ಯದ ನಾರಿನಿಂದ ತಯಾರಿಸಿದ ಅಂಟು. ಹಿಂದೆ ಇದೇ ಕೆಲಸಕ್ಕೆ ಟ್ರಾಗಕಾಂತ್ ಅನ್ನುವ ಗಿಡದ ಗೋಂದು ಹಾಕುತ್ತಿದ್ದರು.

ನನ್ನ ಅಳತೆ ಇದು. ಒಂದು ದೊಡ್ಡ ಮೊಟ್ಟೆಯ ಬಿಳಿ ಭಾಗ, ಅಂದರೆ ಸುಮಾರು 30 ಗ್ರಾಂ. ಜರಡಿ ಹಿಡಿದ ನುಣ್ಣನೆ ಸಕ್ಕರೆ ಪುಡಿ 225 ಗ್ರಾಂ. ಟೈಲೋಸ್ 3 ಟೀ ಚಮಚ, ತಲೆ ಸವರಿದ್ದು. ಬಿಳಿ ಶಾರ್ಟನಿಂಗ್ (ಗಟ್ಟಿ ಸಸ್ಯಜನ್ಯ ಕೊಬ್ಬು) 1 ಟೀ ಚಮಚ. ಸಕ್ಕರೆಯಲ್ಲಿ ಎರಡು ಹಿಡಿಯಷ್ಟು ಪಕ್ಕಕ್ಕಿಡಿ. ಉಳಿದದ್ದನ್ನು ಬಿಳಿ ಭಾಗದ ಜೊತೆ ಚೆನ್ನಾಗಿ ಬೀಟ್ ಮಾಡಿ. ಅದು ಮೆತ್ತಗಿನ ಐಸಿಂಗ್ ತರಹ ಆದಾಗ ಟೈಲೋಸ್ ಉದುರಿಸಿ. ತಕ್ಷಣ ಬಿಗಿಯಾಗುತ್ತದೆ. ಹೊರಗೆ ತೆಗೆದು, ಉಳಿಸಿದ ಸಕ್ಕರೆ ಮತ್ತು ಶಾರ್ಟನಿಂಗ್ ಸೇರಿಸುತ್ತಾ ನಾದಿ. ಹಸಿ ಮೊಟ್ಟೆ ಬೇಡ ಅನಿಸಿದರೆ ಪಾಶ್ಚರೀಕರಿಸಿದ ಬಿಳಿ ಭಾಗ ಬಳಸಬಹುದು. ಮೊಟ್ಟೆಯೇ ಬೇಡ ಅನ್ನುವವರು 250 ಗ್ರಾಂ ಫಾಂಡೆಂಟ್‌ಗೆ 1 ಟೀ ಚಮಚ ಟೈಲೋಸ್ ನಾದಿ ಒಂದು ರಾತ್ರಿ ಇಡಬಹುದು. ದಪ್ಪ ಎಸಳಿನ ಹೂವಿಗೆ ಅದು ಸಾಕು. ತೆಳ್ಳನೆ ಗುಲಾಬಿಗೆ ನನಗೆ ಅದು ತೃಪ್ತಿ ಕೊಟ್ಟಿಲ್ಲ.

ನಾದಿದ ಪೇಸ್ಟನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ಮುಚ್ಚಳದ ಡಬ್ಬಿಗೆ ಹಾಕಿ, ಫ್ರಿಜ್‌ನಲ್ಲಿ 24 ಗಂಟೆ ಇಡಿ. ಇದನ್ನು ಬಿಡಲೇಬೇಡಿ. ಟೈಲೋಸ್ ನೀರು ಹೀರಿಕೊಂಡು ಪೂರ್ತಿ ಉಬ್ಬಲು ಅಷ್ಟು ಹೊತ್ತು ಬೇಕು. ಅವತ್ತೇ ಮಾಡಿದ ಪೇಸ್ಟ್‌ನಲ್ಲಿ ಅವತ್ತೇ ಹೂವು ಮಾಡಿದರೆ ಅಂಚು ಒಡೆಯುವುದು ಸಹಜ. ನಿಮ್ಮ ಮೊದಲ ತೊಂದರೆಗೆ ಅರ್ಧ ಉತ್ತರ ಇಲ್ಲೇ ಇರಬಹುದು.

ಉಳಿದರ್ಧ ಲಟ್ಟಿಸುವಲ್ಲಿದೆ. ಒಂದು ಸಲಕ್ಕೆ ಎಷ್ಟು ಎಸಳು ಕತ್ತರಿಸುತ್ತೀರಿ? ಹತ್ತು ಹನ್ನೆರಡು ಒಟ್ಟಿಗೆ ಕತ್ತರಿಸಿ ಮೇಜಿನ ಮೇಲೆ ಹರಡಿದರೆ, ನಾಲ್ಕನೆಯ ಎಸಳಿಗೆ ಬರುವಷ್ಟರಲ್ಲಿ ಉಳಿದವು ಮೇಲೆ ಸಿಪ್ಪೆ ಕಟ್ಟಿರುತ್ತವೆ. ಕಣ್ಣಿಗೆ ಕಾಣಿಸುವುದಿಲ್ಲ, ಬಾಲ್ ಟೂಲ್ (ತುದಿಯಲ್ಲಿ ಗುಂಡು ಇರುವ ಕಡ್ಡಿ) ಒತ್ತಿದಾಗ ಗೊತ್ತಾಗುತ್ತದೆ. ಎರಡು ಮೂರು ಮಾತ್ರ ಕತ್ತರಿಸಿ. ಕೈಯಲ್ಲಿರುವ ಒಂದನ್ನು ಬಿಟ್ಟು ಉಳಿದವನ್ನು ಪ್ಲಾಸ್ಟಿಕ್ ಹಾಳೆಯ ಕೆಳಗಿಡಿ. ಫ್ಯಾನ್ ಆರಿಸಿ. ಬೋರ್ಡಿಗೆ ಜೋಳದ ಪಿಷ್ಟ ಜಾಸ್ತಿ ಉದುರಿಸಬೇಡಿ, ಅದೂ ತೇವ ಎಳೆಯುತ್ತದೆ. ನಾನು ಬೋರ್ಡಿಗೆ ಶಾರ್ಟನಿಂಗ್ ಸವರಿ, ಆಮೇಲೆ ಪೂರ್ತಿ ಒರೆಸಿಬಿಡುತ್ತೇನೆ. ಉಳಿಯುವ ಜಿಡ್ಡು ಸಾಕು.

ಎಸಳಿನ ಕೆಳಗೆ ಅಚ್ಚಾದ ಕಾಗದ ಇಟ್ಟರೆ ಅಕ್ಷರ ಮಸುಕಾಗಿ ಕಾಣಬೇಕು, ಅಷ್ಟು ತೆಳು. ಆದರೆ ಬುಡ ಸ್ವಲ್ಪ ದಪ್ಪ ಇರಲಿ, ಅಂಟಲು ಹಿಡಿತ ಬೇಕಲ್ವಾ? ಫೋಮ್ ಪ್ಯಾಡ್ ಮೇಲಿಟ್ಟು ಬಾಲ್ ಟೂಲ್ ಓಡಿಸುವಾಗ ಗುಂಡಿನ ಅರ್ಧ ಎಸಳಿನ ಮೇಲೆ, ಅರ್ಧ ಪ್ಯಾಡ್ ಮೇಲೆ ಇರಬೇಕು. ಪೂರ್ತಿ ಒಳಗೆ ಓಡಿಸಿದರೆ ಎಸಳು ಬಟ್ಟಲಿನಂತೆ ಗುಳಿ ಬೀಳುತ್ತದೆ, ಅಂಚು ದಪ್ಪವಾಗಿಯೇ ಉಳಿಯುತ್ತದೆ. ಒತ್ತಿ ಉಜ್ಜಬೇಡಿ, ಸವರಿದ ಹಾಗೆ ಓಡಿಸಿ.

ಈಗ ಜಾರುವ ವಿಷಯ. ಗುಲಾಬಿಯ ಒಳಗೆ ಒಂದು ಗಟ್ಟಿ ತಿರುಳು ಬೇಕು. 18 ಅಥವಾ 20 ಗೇಜ್ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಅಂಟು ಸವರಿ, ಪೇಸ್ಟಿನ ಮೊಗ್ಗಿನೊಳಗೆ ತೂರಿಸಿ. ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ತಂತಿ ತೆಳುವಾಗುತ್ತದೆ, ನೆನಪಿರಲಿ. 26, 28 ಗೇಜ್ ಒಂಟಿ ಎಸಳಿಗೆ, ಎಲೆಗೆ. ಮೊಗ್ಗಿನ ಎತ್ತರ ಎಸಳಿನ ಮೂರನೇ ಎರಡು ಭಾಗ ಮೀರಬಾರದು. ಮೀರಿದರೆ ತುದಿ ಹೊರಗೆ ಇಣುಕುತ್ತದೆ. ಇದನ್ನು ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು ದಿನ ಒಣಗಿಸಿ. ಹಸಿ ಮೊಗ್ಗಿಗೆ ಎಸಳು ಸುತ್ತಿದರೆ ಭಾರಕ್ಕೆ ಮೊಗ್ಗೇ ತಂತಿಯಿಂದ ಇಳಿಯುತ್ತದೆ. ನಾನು ಒಮ್ಮೆ ಮದುವೆ ಕೇಕ್‌ಗೆ ಅಂತ ಅವಸರದಲ್ಲಿ ಹನ್ನೆರಡು ಗುಲಾಬಿ ಮಾಡಿದ್ದೆ. ಬೆಳಗ್ಗೆ ನೋಡಿದರೆ ಏಳು ತಂತಿಯ ಬುಡಕ್ಕೆ ಇಳಿದು ಕೂತಿದ್ದವು. ಆ ಬೆಳಗ್ಗೆಯ ಸಂಕಟ ಇವತ್ತಿಗೂ ಮರೆತಿಲ್ಲ. ಅದಾದ ಮೇಲೆ ಮೊಗ್ಗುಗಳನ್ನು ವಾರ ಮೊದಲೇ ಮಾಡಿಟ್ಟುಕೊಳ್ಳುತ್ತೇನೆ.

ಮೊದಲ ಎಸಳು ಮೊಗ್ಗಿನ ತುದಿಯನ್ನು ಪೂರ್ತಿ ಮುಚ್ಚಬೇಕು. ಆಮೇಲೆ ಎರಡು, ನಂತರ ಮೂರು, ನಂತರ ಐದು. ಪ್ರತಿ ಎಸಳೂ ಹಿಂದಿನದರ ಅಂಚಿನೊಳಗೆ ಸ್ವಲ್ಪ ನುಸುಳಬೇಕು. ಮೂರರ ಸುತ್ತು ಮುಗಿದಾಗ ನಿಲ್ಲಿಸಿ, ಕೆಲವು ಗಂಟೆ ಬಿಡಿ. ಐದರ ಸುತ್ತಿಗೆ ಎಸಳನ್ನು ತೆಳ್ಳಗೆ ಮಾಡಿದ ಕೂಡಲೇ ಅಂಟಿಸಬೇಡಿ. ಚಮಚದ ಗುಳಿಯಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಮುಟ್ಟಿದರೆ ತೊಗಲಿನಂತೆ ಅನಿಸಬೇಕು: ಬಾಗುತ್ತದೆ, ಆದರೆ ಜೋತು ಬೀಳುವುದಿಲ್ಲ. ಅದೇ ಸರಿಯಾದ ಹದ. ಅಂಟಿಗೆ ಎರಡು ದೊಡ್ಡ ಚಮಚ ನೀರಿನಲ್ಲಿ ಕಾಲು ಟೀ ಚಮಚ ಟೈಲೋಸ್ ಕರಗಿಸಿ ಇಟ್ಟರಾಯಿತು. ಬ್ರಷ್‌ನಲ್ಲಿ ತೆಳುವಾಗಿ ಸವರಿ. ಎಸಳು ಜಾರಿದಾಗ ಎಲ್ಲರೂ ಇನ್ನಷ್ಟು ಅಂಟು ಹಚ್ಚುತ್ತಾರೆ. ಅದರಿಂದ ಇನ್ನೂ ಜಾರುತ್ತದೆ, ಯಾಕೆಂದರೆ ಅಂಟು ಬಹುಪಾಲು ನೀರೇ. ಮುಗಿದ ಹೂವನ್ನು ತಲೆಕೆಳಗಾಗಿ ನೇತುಹಾಕಿ. ಅರ್ಧ ಒಣಗಿದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಹೊರಗಿನ ಎಸಳು ತುಸು ಅರಳಿಕೊಂಡು ನಿಲ್ಲುತ್ತದೆ.

ಮಳೆಗಾಲದಲ್ಲಿ ಒಣಗುವುದು ತಡ. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಬೇಕಾಗಬಹುದು. ಒಣಗಿದ ಹೂವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಡಿ. ರಟ್ಟಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು. ಫ್ರಿಜ್ ಅಂತೂ ಬೇಡವೇ ಬೇಡ. ಹೊರಗೆ ತೆಗೆದಾಗ ನೀರು ಹನಿ ಕಟ್ಟಿ ಎಲ್ಲ ಕರಗುತ್ತದೆ. ಹಾಗಾಗಿ ಕ್ರೀಮ್ ಕೇಕ್ ಆದರೆ ಹೂವನ್ನು ಕೊನೆಯ ಗಳಿಗೆಯಲ್ಲಿ ಇಡಿ.

ಬಣ್ಣ ಹಚ್ಚುವುದೇ ಒಂದು ದೊಡ್ಡ ವಿಷಯ, ಇಲ್ಲಿ ಒಂದೇ ಮಾತು ಹೇಳುತ್ತೇನೆ. ಪುಡಿ ಬಣ್ಣದ ಡಬ್ಬಿ ಮೇಲೆ ವಿಷಕಾರಿ ಅಲ್ಲ ಅಂತ ಬರೆದಿದ್ದರೆ ಅದು ತಿನ್ನಬಹುದು ಅಂತ ಅರ್ಥವಲ್ಲ. ತಿನ್ನುವುದಕ್ಕೆ ಅಂತಲೇ ಬರೆದಿರಬೇಕು, ಅದರಲ್ಲಿ ಏನೇನಿದೆ ಅನ್ನುವ ಪಟ್ಟಿಯೂ ಇರಬೇಕು. ತಿನ್ನಲು ಅಲ್ಲದ ಹೊಳೆಯುವ ಪುಡಿ ಹಾಕಿದ ಕೇಕ್ ತಿಂದು ತಾಮ್ರ, ಸೀಸ ದೇಹಕ್ಕೆ ಸೇರಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ವರದಿ ಮಾಡಿದೆ. ಅದರಲ್ಲಿ ಮಕ್ಕಳೂ ಇದ್ದರು. ತಂತಿಯನ್ನೂ ಹಾಗೇ ನೇರವಾಗಿ ಕೇಕ್‌ಗೆ ಚುಚ್ಚಬೇಡಿ. ಆಹಾರಕ್ಕೆ ಯೋಗ್ಯವಾದ ಸ್ಟ್ರಾ ಒಳಗೆ ಹಾಕಿ ಚುಚ್ಚಿ. ಕೇಕ್ ಕತ್ತರಿಸುವವರಿಗೆ ಹೂವಿನಲ್ಲಿ ತಂತಿ ಇದೆ ಅಂತ ಬಾಯಿಬಿಟ್ಟು ಹೇಳಿ, ಮೊದಲು ತೆಗೆದಿಡಲಿ.

ಪೂರ್ತಿ ಗುಲಾಬಿಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ನಿನ್ನೆ ನಾದಿಟ್ಟ ಪೇಸ್ಟಿನಿಂದ ಐದು ಎಸಳು ಲಟ್ಟಿಸಿ, ಒಂದೊಂದನ್ನೂ ಬೇರೆ ಬೇರೆ ಹೊತ್ತು ಬಿಟ್ಟು ಬಗ್ಗಿಸಿ ನೋಡಿ: ತಕ್ಷಣ, ಐದು ನಿಮಿಷಕ್ಕೆ, ಹತ್ತು, ಹದಿನೈದು, ಇಪ್ಪತ್ತು ನಿಮಿಷಕ್ಕೆ. ನಿಮ್ಮ ಕೋಣೆಯ ಗಾಳಿಗೆ ಆ ತೊಗಲಿನ ಹದ ಯಾವಾಗ ಬರುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೂ ಅಂಚು ಒಡೆದರೆ ಯಾವ ಹಂತದಲ್ಲಿ ಒಡೆಯಿತು ಅಂತ ಬರೆಯಿರಿ, ನೋಡೋಣ.